ಬೋರ್ಡೋ: ತೋಟದ ನೀಲಿ ಮದ್ದು, ಮೇಜಿನ ಕೆಂಪು ವೈನ್

ಬೋರ್ಡೋ ಎಂಬ ಹೆಸರು ನನಗೆ ಮೊದಲು ಪರಿಚಯವಾದದ್ದು ವೈನಿನಿಂದ ಅಲ್ಲ. ಪುತ್ತೂರು ಸುಳ್ಯದ ಕಡೆಯ ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಇದೇ ಉತ್ತರ ಬಂದೀತು. ಮೇ ತಿಂಗಳ ಕೊನೆಗೆ ಮೊದಲ ಮಳೆ ಬೀಳುವ ಸೂಚನೆ ಕಂಡ ಕೂಡಲೇ ಅಪ್ಪ ಪೇಟೆಯಿಂದ ಮೈಲುತುತ್ತ ತರುತ್ತಿದ್ದರು. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಕೂಡಿಸಿದಾಗ ಆಕಾಶದ ಬಣ್ಣದ ದಪ್ಪ ದ್ರಾವಣವಾಗುತ್ತಿತ್ತು. ಅದೇ ಬೋರ್ಡೋ. ಮರ ಹತ್ತುವವರು ಅದನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಿದ್ದರು. ಕೆಳಗೆ ಪಂಪು ಒತ್ತುವ ಕೆಲಸ ಶಾಲೆಗೆ ರಜೆ ಇದ್ದ ನಮ್ಮದು. ಸಂಜೆ ಮನೆಗೆ ಬರುವಾಗ ಅಪ್ಪನ ಪಂಚೆ, ನಮ್ಮ ಚಡ್ಡಿ, ತೋಟದ ಕಲ್ಲು, ದನದ ಬೆನ್ನು ಎಲ್ಲದರ ಮೇಲೂ ನೀಲಿ ಚುಕ್ಕೆಗಳು. ಎಷ್ಟು ಒಗೆದರೂ ಆ ಪಂಚೆಯ ಕಲೆ ಹೋಗುತ್ತಿರಲಿಲ್ಲ. ಅಮ್ಮ ಅದನ್ನು "ಬೋರ್ಡೋ ಪಂಚೆ" ಎಂದೇ ಬೇರೆ ಇಟ್ಟಿದ್ದರು.

ಬೋರ್ಡೋ ಎನ್ನುವುದು ಫ್ರಾನ್ಸಿನ ಒಂದು ಊರು ಎಂದು ತಿಳಿದದ್ದು ಮಣಿಪಾಲದಲ್ಲಿ ವೈದ್ಯಕೀಯ ಓದುವಾಗ. ಅಲ್ಲಿಯ ಕೆಂಪು ವೈನ್ ಜಗತ್ಪ್ರಸಿದ್ಧ ಎಂದು ಗೊತ್ತಾದದ್ದು ಇನ್ನೂ ತಡವಾಗಿ, ಬಹ್ರೈನಿಗೆ ಬಂದ ಮೇಲೆ. ಕಳೆದ ವರ್ಷ ಒಂದು ಔತಣದಲ್ಲಿ ನಮ್ಮ ಸಂಘದ ಕಿರಿಯ ಸದಸ್ಯರೊಬ್ಬರು ನನ್ನನ್ನು ಎರಡು ಪ್ರಶ್ನೆ ಕೇಳಿದರು. "ಡಾಕ್ಟ್ರೇ, ನಮ್ಮ ಊಟಕ್ಕೆ ಈ ಫ್ರೆಂಚ್ ರೆಡ್ ವೈನ್ ಹೊಂದುತ್ತದಾ? ಮತ್ತೆ ಅದು ಹಾರ್ಟಿಗೆ ಒಳ್ಳೆಯದು ಅನ್ನುವುದು ನಿಜವಾ?" ಮೊದಲ ಪ್ರಶ್ನೆಗೆ ಅಲ್ಲೇ ತಮಾಷೆಯಾಗಿ ಏನೋ ಹೇಳಿದೆ. ಎರಡನೆಯದಕ್ಕೆ ಉತ್ತರಿಸಲು ನನಗೆ ಸ್ವಲ್ಪ ಸಂಕೋಚವಾಯಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಆ ಇಬ್ಬರು ಮೂವರ ನಡುವಿನ ಮಾತಿಗಿಂತ ಸ್ಮರಣ ಸಂಚಿಕೆಯಲ್ಲಿ ವಿವರವಾಗಿ ಬರೆಯುವುದೇ ವಾಸಿ ಎನಿಸಿ ಈ ಲೇಖನ. ಕುಡಿಯದವರೂ ಓದಬಹುದು. ನಮ್ಮ ಮನೆಯಲ್ಲಿಯೂ ಹೆಚ್ಚಿನವರು ಕುಡಿಯದವರೇ.

ಮೊದಲು ಊರಿನ ವಿಚಾರ. ಬೋರ್ಡೋ ಇರುವುದು ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಹತ್ತಿರ. ಗರೋನ್ ಮತ್ತು ದೋರ್ದೋಞ್ ಎಂಬ ಎರಡು ನದಿಗಳು ಸೇರಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಕಡಲಿಗೆ ಸೇರುತ್ತವೆ. ನಮ್ಮ ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನಲ್ಲಿ ಸೇರಿ ಕಡಲು ಕಾಣುವಂತೆ, ಆದರೆ ಬಹಳ ದೊಡ್ಡ ಪ್ರಮಾಣದಲ್ಲಿ. ಅಳಿವೆಯ ಎಡದಂಡೆಯ ಮೆದೋಕ್ ಪ್ರದೇಶದಲ್ಲಿ ಜಲ್ಲಿಕಲ್ಲಿನ ನೆಲ. ಇದು ಹಿಂದೆ ಜೌಗು. 17ನೆಯ ಶತಮಾನದಲ್ಲಿ ಡಚ್ಚರ ಎಂಜಿನಿಯರುಗಳು ಕಾಲುವೆ ತೋಡಿ ನೀರು ಬಸಿದ ಮೇಲೆ ಜಲ್ಲಿಯ ದಿಬ್ಬಗಳು ಬಳ್ಳಿ ನಾಟಿಗೆ ಸಿಕ್ಕವು. ಜಲ್ಲಿ ಹಗಲು ಕಾದು ರಾತ್ರಿ ಬಿಸಿ ಬಿಡುತ್ತದೆ, ಬುಡದಲ್ಲಿ ನೀರು ನಿಲ್ಲುವುದಿಲ್ಲ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿಞೋಂ ದ್ರಾಕ್ಷಿಗೆ ಇದು ಬೇಕು. ಬಲದಂಡೆಯಲ್ಲಿ, ಸಂತೆಮಿಲಿಯೋಂ ಮತ್ತು ಪೊಮೆರೋಲ್ ಕಡೆ, ಜೇಡಿ ಮತ್ತು ಸುಣ್ಣಕಲ್ಲು. ಅಲ್ಲಿ ಬೇಗ ಹಣ್ಣಾಗುವ ಮೆರ್ಲೋ. ಬೋರ್ಡೋ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ದ್ರಾಕ್ಷಿಯದಲ್ಲ, ಇವೆರಡರ ಜೊತೆ ಕ್ಯಾಬರ್ನೆ ಫ್ರಾಂ ಮೊದಲಾದವು ಸೇರಿದ ಮಿಶ್ರಣ. ಒಂದು ತಳಿ ಮಳೆಗೆ ಸಿಕ್ಕಿ ಕೆಟ್ಟರೆ ಇನ್ನೊಂದು ಉಳಿಯಲಿ ಎಂಬ ರೈತನ ಲೆಕ್ಕಾಚಾರ ಇದರ ಹಿಂದೆ ಇದೆ. ಅಡಿಕೆ ಜೊತೆ ಕಾಳುಮೆಣಸು, ಕೊಕ್ಕೋ ಬೆಳೆಸಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವೈನಿಗೆ ಹೆಸರು ತಂದದ್ದು ಮಣ್ಣಿನಷ್ಟೇ ವ್ಯಾಪಾರ ಕೂಡ. 1152ರಲ್ಲಿ ಅಕ್ವಿತೇನ್ ಪ್ರಾಂತ್ಯದ ಒಡತಿ ಎಲಿಯನೋರ್ ಮದುವೆಯಾದ ಹೆನ್ರಿ 1154ರಲ್ಲಿ ಇಂಗ್ಲೆಂಡಿನ ಅರಸನಾದ. ಹೀಗಾಗಿ 1453ರವರೆಗೆ, ಸುಮಾರು 300 ವರ್ಷ, ಬೋರ್ಡೋ ಇಂಗ್ಲಿಷರ ಆಳ್ವಿಕೆಯಲ್ಲಿತ್ತು. ಹಡಗು ತುಂಬ ವೈನ್ ಲಂಡನ್ನಿಗೆ ಹೋಯಿತು. ಇಂಗ್ಲಿಷರು ಇಂದಿಗೂ ಇದನ್ನು ಕ್ಲಾರೆಟ್ ಎನ್ನುವುದು ಆ ನಂಟಿನಿಂದ. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ ಕೇಳಿದಾಗ ದಲ್ಲಾಳಿಗಳು ಒಂದು ದರ್ಜೆ ಪಟ್ಟಿ ಮಾಡಿಕೊಟ್ಟರು. ಆಧಾರ ಮುಖ್ಯವಾಗಿ ಮಾರುಕಟ್ಟೆಯ ಬೆಲೆ. ಮೊದಲ ದರ್ಜೆಯಲ್ಲಿ ಆಗ ನಾಲ್ಕು ಕೆಂಪು ವೈನುಗಳು: ಲಾಫಿತ್, ಲಾತೂರ್, ಮಾರ್ಗೋ, ಓಬ್ರಿಯೋಂ. 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ಸೇರಿತು. ಅಷ್ಟು ಬಿಟ್ಟರೆ 170 ವರ್ಷಗಳಿಂದ ಆ ಪಟ್ಟಿ ಬಹುಮಟ್ಟಿಗೆ ಹಾಗೆಯೇ ಇದೆ. ದಲ್ಲಾಳಿ ಬರೆದದ್ದು ಶಾಸನವಾಗುವುದು ಅಡಿಕೆ ಮಾರುಕಟ್ಟೆಯಲ್ಲಿ ಮಾತ್ರ ಎಂದು ನಾನು ತಿಳಿದಿದ್ದೆ!

ಸಾಮಾನ್ಯ ಗಿರಾಕಿಗೆ ಈ ಹೆಸರುಗಳಿಂದ ಹೆಚ್ಚು ಉಪಯೋಗವಿಲ್ಲ, ಅವುಗಳ ಬೆಲೆ ನಮ್ಮ ವಿಮಾನದ ಟಿಕೇಟಿಗಿಂತ ಹೆಚ್ಚು. ಲೇಬಲ್ಲಿನಲ್ಲಿ "ಗ್ರಾಂ ವ್ಯಾಂ ದ ಬೋರ್ಡೋ" ಎಂದಿದ್ದರೆ ಅದು ಸರಕಾರಿ ದರ್ಜೆಯಲ್ಲ, ತಯಾರಕರ ಹೊಗಳಿಕೆ. ತೋಟದಲ್ಲಿಯೇ ಸೀಸೆಗೆ ತುಂಬಿದ್ದೆಂದು ಬರೆದಿದ್ದರೆ ಅದಕ್ಕೆ ಅರ್ಥವಿದೆ.

ಈಗ ನೀಲಿ ಬಣ್ಣದ ಕಥೆ. ನನಗೆ ಈ ವಿಷಯದಲ್ಲಿ ಅತ್ಯಂತ ರುಚಿಸಿದ ಭಾಗ ಇದೇ. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಬೇರು ಅಗೆದು ನೋಡಿದರೆ ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಸಣ್ಣ ಹೇನು. ಫಿಲೋಕ್ಸೆರಾ ಎಂಬ ಈ ಕೀಟ ಅಮೆರಿಕದಿಂದ ಬಂದದ್ದು. ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಅದನ್ನು ತಡೆಯುವ ಶಕ್ತಿ ಇತ್ತು, ಫ್ರೆಂಚ್ ಬೇರಿಗೆ ಇರಲಿಲ್ಲ. ಕೊನೆಗೆ ಕಂಡುಕೊಂಡ ಉಪಾಯ ಕಸಿ: ಬುಡ ಅಮೆರಿಕದ್ದು, ಮೇಲಿನದು ಫ್ರೆಂಚಿನದು. ಇಂದಿಗೂ ಬೋರ್ಡೋದ ಬಳ್ಳಿಗಳು ಬಹುತೇಕ ಹೀಗೆಯೇ ನಿಂತಿವೆ. ಆದರೆ ಆ ಅಮೆರಿಕದ ಗಿಡಗಳ ಜೊತೆಯಲ್ಲಿ ಇನ್ನೊಂದು ಪೀಡೆ ಬಂತು. 1878ರಲ್ಲಿ ಫ್ರಾನ್ಸಿನಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಹರಡುವ ರೋಗ ಕಾಣಿಸಿಕೊಂಡಿತು. ಒದ್ದೆ ಹವೆಯಲ್ಲಿ ಎಲೆ ಉದುರಿ ಕಾಯಿ ಕೊಳೆಯುತ್ತದೆ.

ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿಯೆರ್ ಮರಿ ಅಲೆಕ್ಸಿ ಮಿಯಾರ್ದೆ 1882ರಲ್ಲಿ ಮೆದೋಕಿನ ಸಂಜ್ಯುಲಿಯಂ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ನೋಡಿದರು. ಎಲ್ಲ ಕಡೆ ಬಳ್ಳಿ ಬೋಳಾಗಿದ್ದರೂ ರಸ್ತೆಯ ಅಂಚಿನ ಸಾಲುಗಳು ಮಾತ್ರ ಹಸಿರಾಗಿದ್ದವು, ಎಲೆಗಳ ಮೇಲೆ ನೀಲಿ ಬಣ್ಣ ಬೇರೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ವಿಷದಂತೆ ಕಾಣುವ ಹಾಗೆ ಬಳಿದಿದ್ದರಂತೆ. ಕಳ್ಳರನ್ನು ಓಡಿಸಲು ಮಾಡಿದ್ದು ರೋಗವನ್ನು ಓಡಿಸಿತ್ತು. ಮಿಯಾರ್ದೆ ರಸಾಯನಶಾಸ್ತ್ರಜ್ಞ ಯುಲಿಸ್ ಗಯೋಂ ಜೊತೆ ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಅದು ನಮ್ಮ ಕಡೆ ಬಂದದ್ದು ಹೇಗೆ? 1908ರಲ್ಲಿ ಮೈಸೂರು ಸಂಸ್ಥಾನ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯನ್ನು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ನೇಮಿಸಿಕೊಂಡಿತು. ಮುಂದೆ ಅವರೇ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ತೋಟಗಳನ್ನು ಪ್ರತಿ ಮಳೆಗಾಲ ಕಾಡುತ್ತಿದ್ದ ಕೊಳೆರೋಗದ ಮೇಲೆ ಅವರು ಕೆಲಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ರೈತರ ಉಪಾಯವೆಂದರೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು. ಕೋಲ್ಮನ್ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ದ್ರಾಕ್ಷಿಯ ಬೂಷ್ಟಿನ ಜೀವಿಯೂ ಕೊಳೆರೋಗದ ಫೈಟೋಫ್ತೊರಾ ಎಂಬ ಜೀವಿಯೂ ಒಂದೇ ಬಳಗದವು. ಎರಡೂ ನೀರಿನಲ್ಲಿ ಈಜುವ ಬೀಜಕಣಗಳಿಂದ ಹರಡುತ್ತವೆ. ಎಲೆ ಅಥವಾ ಕಾಯಿಯ ಮೇಲೆ ಸ್ವಲ್ಪ ತಾಮ್ರ ಕೂತಿದ್ದರೆ ಆ ಬೀಜಕಣ ಮೊಳೆಯುವ ಮೊದಲೇ ಸಾಯುತ್ತದೆ. ಆದ್ದರಿಂದ ಇದು ರೋಗ ಬಂದ ಮೇಲೆ ವಾಸಿ ಮಾಡುವ ಮದ್ದಲ್ಲ, ಬರದಂತೆ ತಡೆಯುವ ಲಸಿಕೆಯಂಥದ್ದು. ಮಳೆಗೆ ಮುಂಚೆ ಒಮ್ಮೆ, ಸುಮಾರು 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕೆನ್ನುವುದು ಅದಕ್ಕೇ.

ಪ್ರಮಾಣ ಸರಳ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಉಳಿದು ಎಳೆ ಕಾಯಿ ಸುಡುತ್ತದೆ. ಅದನ್ನು ಪರೀಕ್ಷಿಸಲು ಅಪ್ಪ ಉಜ್ಜಿದ ಚೂರಿಯೊಂದನ್ನು ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಚೂರಿ ಕೆಂಪಗಾದರೆ, ಅಂದರೆ ಕಬ್ಬಿಣದ ಮೇಲೆ ತಾಮ್ರ ಕೂತರೆ, ಇನ್ನಷ್ಟು ಸುಣ್ಣ ಬೇಕು. ಆಗದಿದ್ದರೆ ಮದ್ದು ಸರಿಯಾಗಿದೆ. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಇದೇ ಪ್ರಯೋಗವನ್ನು ತೋರಿಸಿದಾಗ ಇಡೀ ತರಗತಿಯಲ್ಲಿ ನನಗೊಬ್ಬನಿಗೆ ಉತ್ತರ ಮೊದಲೇ ಗೊತ್ತಿತ್ತು.

ನಿವೃತ್ತಿಯ ನಂತರ ಫ್ರಾನ್ಸಿನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೋದಾಗ ಒಂದು ದಿನ ಮೆದೋಕಿನ ತೋಟ ನೋಡಲು ಹೋದೆವು. ಅರಮನೆಯಂಥ ಮನೆ, ನೆಲಮಾಳಿಗೆ, ಓಕ್ ಪೀಪಾಯಿಗಳು ಎಲ್ಲವನ್ನೂ ತೋರಿಸಿದರು. ನನ್ನ ಕಣ್ಣು ಹೋದದ್ದು ಬಳ್ಳಿ ಹಬ್ಬಿಸುವ ಮರದ ಗೂಟಗಳ ಕಡೆಗೆ. ಅವುಗಳ ಮೇಲೆ ಅದೇ ನೀಲಿ ಕಲೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳೂ ತೋಟದ ಮನೆಯವಳೇ. "ಅಪ್ಪನ ಪಂಚೆ" ಎಂದಳು. ಕರೆದುಕೊಂಡು ಹೋದ ಹುಡುಗಿಗೆ ನಾವು ಯಾಕೆ ಗೂಟದ ಫೋಟೋ ತೆಗೆಯುತ್ತಿದ್ದೇವೆ ಎಂದು ಅರ್ಥವಾಗಲಿಲ್ಲ. ನಮ್ಮ ತೋಟಕ್ಕೂ ಇದೇ ಔಷಧಿ, ನೂರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ನಾಡಿನಲ್ಲಿದೆ ಎಂದು ಮಗ ಫ್ರೆಂಚಿನಲ್ಲಿ ಹೇಳಿದ ಮೇಲೆ ಆಕೆ ಒಂದು ಮಾತು ಹೇಳಿದಳು: ಈಗ ತಾಮ್ರಕ್ಕೂ ಮಿತಿ ಬಂದಿದೆ ಎಂದು. ನಿಜ. ಮಣ್ಣಿನಲ್ಲಿ ತಾಮ್ರ ಸೇರಿ ಹೋಗುವುದಿಲ್ಲವಾದ್ದರಿಂದ ಯುರೋಪಿಯನ್ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂದು ಗಡಿ ಹಾಕಿದೆ. ನಮ್ಮ ತೋಟಗಳ ಮಣ್ಣಿನ ಲೆಕ್ಕವನ್ನು ನಾವೂ ನೋಡಿಕೊಳ್ಳಬೇಕಾದ ಕಾಲ ಇದು.

ಮಾಳಿಗೆಯಲ್ಲಿ ಕಂಡದ್ದರ ಸಾರಾಂಶ ಇಷ್ಟು. ಕರಿ ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ, ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಬೀಜಗಳ ಸಮೇತ ಹುದುಗಿಸಿದಾಗ ಬಣ್ಣದೊಂದಿಗೆ ಟ್ಯಾನಿನ್ ಎಂಬ ಅಂಶವೂ ಇಳಿಯುತ್ತದೆ. ನಂತರ 225 ಲೀಟರಿನ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಒರಟು ಟ್ಯಾನಿನ್ ತೆಗೆಯಲು ಸಾಂಪ್ರದಾಯಿಕವಾಗಿ ಪ್ರತಿ ಪೀಪಾಯಿಗೆ ಐದಾರು ಕೋಳಿಮೊಟ್ಟೆಯ ಬಿಳಿಭಾಗ ಹಾಕುತ್ತಾರೆ, ಅದು ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಸಸ್ಯಾಹಾರಿಗಳು ಇದನ್ನು ತಿಳಿದಿರಲಿ. ಈಗ ಜೇಡಿ ಅಥವಾ ಬಟಾಣಿಯ ಪ್ರೋಟೀನ್ ಬಳಸುವವರೂ ಇದ್ದಾರೆ, ಸೀಸೆಯ ಮೇಲೆ ವೀಗನ್ ಗುರುತು ಹುಡುಕಬೇಕು. ಉಳಿದ ಹಳದಿಭಾಗದಿಂದಲೇ ಕನೆಲೆ ಎಂಬ ಬೋರ್ಡೋದ ಪ್ರಸಿದ್ಧ ತಿಂಡಿ ಹುಟ್ಟಿತೆಂದು ಅಲ್ಲಿಯವರು ಹೇಳುತ್ತಾರೆ. ಅದನ್ನು ಬೇಯಿಸುವುದು ತಾಮ್ರದ ಅಚ್ಚಿನಲ್ಲಿ!

ಟ್ಯಾನಿನ್ ಎಂದರೆ ನಮ್ಮ ಷಡ್ರಸಗಳಲ್ಲಿ ಕೊನೆಯದಾದ ಒಗರು. ವೈನಿನ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ಅನುಭವ ನಮಗೆ ಎಳೆ ಅಡಿಕೆ, ನೆಲ್ಲಿಕಾಯಿ, ಗೇರುಹಣ್ಣಿನಿಂದ ಗೊತ್ತು. ಜೊಲ್ಲಿನಲ್ಲಿ ನಾಲಗೆಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವುಗಳನ್ನು ಹಿಡಿದು ಗಟ್ಟಿ ಮಾಡುತ್ತದೆ, ಬಾಯಿ ಒಣಗಿ ಬಿಗಿಯುತ್ತದೆ. ಊಟದ ಹೊಂದಾಣಿಕೆಯ ಮುಕ್ಕಾಲು ಪಾಲು ರಹಸ್ಯ ಇದೇ. ಜೊತೆಯಲ್ಲಿ ಪ್ರೋಟೀನು, ಕೊಬ್ಬು ಇರುವ ಆಹಾರವಿದ್ದರೆ ಟ್ಯಾನಿನ್ ಅದಕ್ಕೂ ಅಂಟಿಕೊಂಡು ಒಗರು ಇಳಿಯುತ್ತದೆ, ಜಿಡ್ಡು ಬಾಯಿಯಿಂದ ತೊಳೆದಂತಾಗುತ್ತದೆ. ಅದಕ್ಕಾಗಿಯೇ ಬೋರ್ಡೋದಲ್ಲಿ ಪೊಯಾಕಿನ ಎಳೆ ಕುರಿಯ ಮಾಂಸ, ವೈನ್ ಮತ್ತು ಎಲುಬಿನ ಮಜ್ಜೆಯ ಸಾಸಿನ ಜೊತೆ ಗೋಮಾಂಸದ ತುಂಡು, ಗಟ್ಟಿ ಚೀಸು ಇವು ಈ ವೈನಿನ ಸಂಗಾತಿಗಳು. ನಾನು ಮಾಂಸ ತಿನ್ನುವವನಲ್ಲ. ಈ ಭಾಗದಲ್ಲಿ ನನ್ನ ಸಾಕ್ಷಿ ಮಿತ್ರರದ್ದು, ಚೀಸಿನದ್ದು ಮಾತ್ರ ನನ್ನದು.

ಇನ್ನು ನಮ್ಮ ಊಟ. ಖಾರ ಮತ್ತು ಈ ವೈನಿನ ನಡುವೆ ಜಗಳ ಖಂಡಿತ. ಮೆಣಸಿನ ಕ್ಯಾಪ್ಸೈಸಿನ್ ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ನರದ ಗ್ರಾಹಕವನ್ನೇ ಕೆರಳಿಸುತ್ತದೆ. ಮದ್ಯಸಾರ ಅದೇ ಗ್ರಾಹಕದ ಹೊಸ್ತಿಲನ್ನು ತಗ್ಗಿಸುತ್ತದೆ. ಸುಮಾರು 42 ಡಿಗ್ರಿಗೆ ಎಚ್ಚರಾಗುವ ಗ್ರಾಹಕ 34ರಲ್ಲೇ, ಅಂದರೆ ಮೈಯ ಶಾಖದಲ್ಲೇ, ಎಚ್ಚರಾಗುತ್ತದೆ. ಕೋರಿ ಗಸಿಯ ಜೊತೆ ಶೇಕಡಾ 14ರ ವೈನ್ ಕುಡಿದರೆ ಉರಿ ಇಮ್ಮಡಿಸಿ ವೈನಿನ ರುಚಿ ಸತ್ತುಹೋಗುವುದು ಇದರಿಂದ. ಮೀನಿನ ಜೊತೆ ಕೆಂಪು ವೈನ್ ಬೇಡ ಎನ್ನುವುದಕ್ಕೂ ಕಾರಣ ಸಿಕ್ಕಿದೆ. 2009ರಲ್ಲಿ ಜಪಾನಿನ ಸಂಶೋಧಕರು ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಮೀನಿನ ವಾಸನೆ ಬಾಯಿಯಲ್ಲಿ ಉಳಿಯುತ್ತದೆ ಎಂದು ತೋರಿಸಿದರು. ಬಂಗುಡೆ, ಬೂತಾಯಿ ಪ್ರಿಯರು ಕೆಂಪು ಸೀಸೆಯನ್ನು ಬದಿಗಿಡುವುದೇ ಒಳ್ಳೆಯದು. ಸಾರು, ಉಪ್ಪಿನಕಾಯಿ, ಮಜ್ಜಿಗೆಹುಳಿ ಇದಕ್ಕೆ ಶತ್ರುಗಳು. ಪಾಯಸದ ನಂತರ ಕುಡಿದರೆ ವೈನ್ ಹುಳಿ ನೀರಿನಂತಾಗುತ್ತದೆ.

ಹೊಂದುವುದು ಇಲ್ಲವೆಂದಲ್ಲ. ಕಾಳುಮೆಣಸಿನ ಖಾರ ಬ್ಯಾಡಗಿಯಷ್ಟು ತಂಟೆ ಮಾಡುವುದಿಲ್ಲ. ಕೊಡಗಿನ ಪಂದಿಕರಿ ಒಳ್ಳೆಯ ಜೋಡಿ ಎಂದು ಇಲ್ಲಿಯ ಕೊಡವ ಮಿತ್ರರು ಆಣೆ ಇಡುತ್ತಾರೆ. ಬಹ್ರೈನಿನ ಕುರಿಮಾಂಸದ ಮಚ್ಬೂಸ್ ಖಾರವಿಲ್ಲದ ಮಸಾಲೆಯ ಅಡುಗೆ, ಕುರಿಯ ಕೊಬ್ಬೂ ಇದೆ. ಒಣ ನಿಂಬೆಯ ಹುಳಿ ಮಿತವಾಗಿದ್ದರೆ ಬಲದಂಡೆಯ ಮೆರ್ಲೋ ಹೆಚ್ಚಿರುವ ಮೃದು ವೈನ್ ಅದಕ್ಕೆ ಒಪ್ಪುತ್ತದೆಯಂತೆ. ಸಸ್ಯಾಹಾರಿಗಳಿಗೆ ನಾನು ಹೇಳುವುದು ಉತ್ತರ ಕರ್ನಾಟಕದ ಬದನೆಕಾಯಿ ಎಣ್ಣೆಗಾಯಿ. ಶೇಂಗಾ, ಎಳ್ಳು, ಎಣ್ಣೆ ಮೂರೂ ಒಗರನ್ನು ತಡೆಯುತ್ತವೆ. ಮೆಣಸಿನಪುಡಿ ಅರ್ಧಕ್ಕೆ ಇಳಿಸಬೇಕು, ಮನೆಯಾಕೆಯ ಅನುಮತಿ ಪಡೆದು.

ನಮ್ಮ ನಾಡಿನಲ್ಲಿ ಇದರ ಬಂಧುವೊಂದು ಇದೆ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟರು. 1990ರ ದಶಕದ ಮಧ್ಯದಿಂದ ಅವರ ಸಂಸ್ಥೆಗೆ ಸಲಹೆ ಕೊಟ್ಟವರು ಬೋರ್ಡೋದ ಪೊಮೆರೋಲಿನಲ್ಲಿ ಕುಟುಂಬದ ತೋಟವಿದ್ದ ಮಿಶೆಲ್ ರೋಲಾಂ. ಅವರ ಲಾ ರಿಸರ್ವ್ ಎಂಬುದು ಕ್ಯಾಬರ್ನೆ ಸೋವಿಞೋಂ ಮತ್ತು ಶಿರಾಜ್ ಮಿಶ್ರಣ. ಬೋರ್ಡೋ 45 ಡಿಗ್ರಿ ಉತ್ತರದಲ್ಲಿದ್ದರೆ ನಂದಿ 13ರಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ನಿದ್ದೆ ಹೋಗುತ್ತದೆ, ನಮ್ಮಲ್ಲಿ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿ, ಮಳೆ ತಪ್ಪಿಸಿ, ಬೇಸಿಗೆಯ ಮುಂಚೆ ಕೊಯ್ಯಬೇಕು.

ಇನ್ನು ಆ ಎರಡನೆಯ ಪ್ರಶ್ನೆ. 1991ರಲ್ಲಿ ಅಮೆರಿಕದ ಸಿಕ್ಸ್ಟಿ ಮಿನಿಟ್ಸ್ ಎಂಬ ಟಿ.ವಿ. ಕಾರ್ಯಕ್ರಮ ಫ್ರೆಂಚರು ಬೆಣ್ಣೆ ಚೀಸು ತಿಂದರೂ ಹೃದಯಾಘಾತ ಕಡಿಮೆ, ಕಾರಣ ಕೆಂಪು ವೈನ್ ಇರಬಹುದು ಎಂದು ಹೇಳಿತು. 1992ರಲ್ಲಿ ಸೆರ್ಜ್ ರೆನೋ ಮತ್ತು ಮಿಶೆಲ್ ದ ಲೋರ್ಜೆರಿಲ್ ಲಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ಬರೆದರು. ನಾವೆಲ್ಲ ಅದನ್ನು ಓದಿದೆವು, ನಂಬಿದೆವು. 1990ರ ದಶಕದ ಕೊನೆಗೆ ನನ್ನ ಬಳಿ ಬರುತ್ತಿದ್ದ ಕರಾವಳಿಯವರೊಬ್ಬರಿಗೆ ರಕ್ತದೊತ್ತಡ ಇತ್ತು, ಕೊಲೆಸ್ಟರಾಲ್ ಇತ್ತು. ಕುಡಿಯುವ ಅಭ್ಯಾಸವೇ ಇರಲಿಲ್ಲ. ಮಾತಿನ ನಡುವೆ ನಾನೇ ಹೇಳಿದೆ, ರಾತ್ರಿ ಒಂದು ಗ್ಲಾಸು ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು. ಅವರು ಮಾತ್ರೆಯಷ್ಟೇ ಶ್ರದ್ಧೆಯಿಂದ ಶುರು ಮಾಡಿದರು. ಗ್ಲಾಸು ಕ್ರಮೇಣ ದೊಡ್ಡದಾಯಿತು. ಹನ್ನೆರಡು ವರ್ಷದ ನಂತರ ಹೃದಯದ ಬಡಿತ ತಾಳ ತಪ್ಪಿ, ಏಟ್ರಿಯಲ್ ಫಿಬ್ರಿಲೇಶನ್ ಎಂದು ಅವರು ಆಸ್ಪತ್ರೆ ಸೇರಿದಾಗ ನಾನು ಕುಡಿತ ನಿಲ್ಲಿಸಲು ಹೇಳಿದೆ. "ಡಾಕ್ಟ್ರೇ, ನೀವೇ ಹೇಳಿದ್ದಲ್ವಾ?" ಎಂದರು. ಕೋಪದಿಂದಲ್ಲ, ನಿಜವಾದ ಆಶ್ಚರ್ಯದಿಂದ. ವೈನಿನಿಂದಲೇ ಹಾಗಾಯಿತೆಂದು ನಾನು ಹೇಳಲಾರೆ, ಅವರ ರಕ್ತದೊತ್ತಡವೂ ಸಾಕಷ್ಟು ಕಾರಣವೇ. ಆದರೆ ಮದ್ಯದಿಂದ ರಕ್ತದೊತ್ತಡವೂ ಏರುತ್ತದೆ, ಈ ತಾಳ ತಪ್ಪುವಿಕೆಯೂ ಹೆಚ್ಚುತ್ತದೆ. ಅದನ್ನು ಅವರ ಊಟದ ಮೇಜಿಗೆ ತಂದವನು ನಾನು.

ನಾವು ಎಡವಿದ್ದು ಎಲ್ಲಿ? ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರು ಹೆಚ್ಚು ಬಾಳುತ್ತಾರೆ ಎಂದು ಹಳೆಯ ಅಧ್ಯಯನಗಳು ತೋರಿಸುತ್ತಿದ್ದವು. ಆದರೆ ಆ ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಮಿತವಾಗಿ ವೈನ್ ಕುಡಿಯುವವರು ಹೆಚ್ಚಾಗಿ ಅನುಕೂಲಸ್ಥರು, ಬೇರೆ ವಿಷಯಗಳಲ್ಲಿಯೂ ಆರೋಗ್ಯ ನೋಡಿಕೊಳ್ಳುವವರು. 2019ರಲ್ಲಿ ಲಾನ್ಸೆಟ್‌ನಲ್ಲಿ ಬಂದ ಚೀನಾದ ದೊಡ್ಡ ಅಧ್ಯಯನ 5 ಲಕ್ಷ ಜನರನ್ನು ಒಳಗೊಂಡಿತ್ತು. ಕುಡಿತವನ್ನು ಹುಟ್ಟಿನಿಂದಲೇ ಕಡಿಮೆ ಮಾಡಿಸುವ ಜೀನ್ ಕೆಲವರಲ್ಲಿದೆ. ಅದನ್ನು ಆಧಾರವಾಗಿಟ್ಟು ನೋಡಿದಾಗ ಮಿತ ಕುಡಿತದಿಂದ ಪಾರ್ಶ್ವವಾಯುವಿಗೆ ಯಾವ ರಕ್ಷಣೆಯೂ ಕಾಣಲಿಲ್ಲ. ಕುಡಿತ ಏರಿದಂತೆ ರಕ್ತದೊತ್ತಡ, ಪಾರ್ಶ್ವವಾಯು ಎರಡೂ ಏರಿದವು. ರೆಸ್ವೆರಟ್ರಾಲ್ ಎಂಬ ಸಿಪ್ಪೆಯ ಅಂಶದ ಬಗ್ಗೆಯೂ ಬಹಳ ಕೇಳಿದ್ದೇವೆ. ಒಂದು ಲೀಟರ್ ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ, ಪ್ರಯೋಗಶಾಲೆಯ ಇಲಿಗೆ ಕೊಟ್ಟ ಪ್ರಮಾಣಕ್ಕೆ ಅದು ಎಲ್ಲಿಯೂ ಸಾಟಿಯಲ್ಲ. ಕ್ಯಾನ್ಸರ್ ವಿಚಾರವಂತೂ ಹಳೆಯದು: ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ, ಅಂದರೆ ಖಚಿತ ಕ್ಯಾನ್ಸರ್ ಕಾರಕಗಳ ಸಾಲಿಗೆ, ಸೇರಿಸಿದೆ. ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಮನೆಯನ್ನು ಸಾಕಿದ ಅಡಿಕೆಯೂ ಅದೇ ಸಾಲಿನಲ್ಲಿದೆ. ಇದನ್ನು ಬರೆಯುವಾಗ ಊರಿನಲ್ಲಿರುವ ತಮ್ಮ ಏನೆನ್ನುತ್ತಾನೋ ಎಂಬ ಅಳುಕು ನನಗಿದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದಿತು.

ಆದ್ದರಿಂದ ಆ ಕಿರಿಯ ಮಿತ್ರರಿಗೆ ನನ್ನ ಉತ್ತರ: ಇಲ್ಲ, ಹೃದಯಕ್ಕಾಗಿ ಕುಡಿಯಬೇಡಿ. ಬೋರ್ಡೋದಿಂದ ನಮಗೆ ಬಂದ ಔಷಧಿ ಒಂದೇ, ಅದು ನೀಲಿಯದು. ಕುಡಿಯದವರು ಶುರು ಮಾಡಲು ವೈದ್ಯಕೀಯ ಕಾರಣವಿಲ್ಲ. ಕುಡಿಯುವವರು ಲೆಕ್ಕ ತಿಳಿದಿರಬೇಕು: ಶೇಕಡಾ 13.5ರ ವೈನಿನ 150 ಮಿಲಿ ಗ್ಲಾಸಿನಲ್ಲಿ ಸುಮಾರು 16 ಗ್ರಾಂ ಮದ್ಯಸಾರ, ಇಡೀ ಸೀಸೆಯಲ್ಲಿ 80 ಗ್ರಾಂ. ಈಗಿನ ಕೆಲವು ಗ್ಲಾಸುಗಳು ಅರ್ಧ ಸೀಸೆ ಹಿಡಿಯುತ್ತವೆ, ಮನೆಯಲ್ಲಿ ಒಮ್ಮೆ ಅಳೆದು ನೋಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಸಕ್ಕರೆ ದಿಢೀರ್ ಕುಸಿಯಬಹುದು. ವಾರ್ಫರಿನ್ ತೆಗೆದುಕೊಳ್ಳುವವರು, ಯಕೃತ್ತಿನಲ್ಲಿ ಕೊಬ್ಬು ಸೇರಿರುವವರು, ಗರ್ಭಿಣಿಯರು ದೂರವಿರಲಿ.

ಬಹ್ರೈನಿಗೆ ಸಂಬಂಧಿಸಿದ ಎರಡು ಮಾತು. ಇಲ್ಲಿ ಮುಸ್ಲಿಮೇತರರಿಗೆ ಪರವಾನಗಿ ಇರುವ ಅಂಗಡಿ, ಹೋಟೆಲುಗಳಲ್ಲಿ ಸಿಗುತ್ತದೆ, ರಂಜಾನ್ ತಿಂಗಳಲ್ಲಿ ಇಲ್ಲ. ನಮಗೆ ಅನ್ನ ಕೊಟ್ಟ ಈ ನಾಡಿನವರ ಮುಂದೆ ಸೀಸೆ ಪ್ರದರ್ಶಿಸುವುದು ಸಭ್ಯತೆಯಲ್ಲ. ಕುಡಿದು ಕಾರು ಓಡಿಸಿದರೆ ಇಲ್ಲಿ ರಿಯಾಯಿತಿ ಇಲ್ಲ. ಕಿಂಗ್ ಫಹದ್ ಸೇತುವೆ ದಾಟಿ ಸೌದಿಗೆ ಹೋಗುವವರು ಡಿಕ್ಕಿಯನ್ನು ಒಮ್ಮೆ ನೋಡಿಕೊಳ್ಳಲಿ, ಮರೆತು ಉಳಿದ ಒಂದು ಸೀಸೆಯೂ ಅಲ್ಲಿ ಅಪರಾಧವೇ. ಇನ್ನು ವೈನಿನ ಹಿತದೃಷ್ಟಿಯಿಂದ: ಪುಸ್ತಕಗಳು ಹೇಳುವ ಕೋಣೆಯ ಉಷ್ಣತೆ ಎಂದರೆ ಫ್ರಾನ್ಸಿನ ಹಳೆಯ ಮನೆಯ 16–18 ಡಿಗ್ರಿ, ಜುಫೇರಿನ ಫ್ಲ್ಯಾಟಿನದ್ದಲ್ಲ. ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಜುಲೈಯಲ್ಲಿ ಕಾರಿನಲ್ಲಿ ಒಂದು ಮಧ್ಯಾಹ್ನ ಬಿಟ್ಟ ಸೀಸೆ ಬೆಂದುಹೋಗುತ್ತದೆ, ಆಮೇಲೆ ಯಾವ ದರ್ಜೆಯ ಪಟ್ಟಿಯೂ ಅದನ್ನು ಕಾಪಾಡದು.

ನನ್ನ ಆ ಹಳೆಯ ರೋಗಿ ಈಗ ಊರಿನಲ್ಲಿದ್ದಾರೆ, ಕುಡಿತ ಪೂರ್ತಿ ಬಿಟ್ಟಿದ್ದಾರೆ. ಹೊಸ ವರ್ಷಕ್ಕೆ ಫೋನು ಮಾಡುತ್ತಾರೆ. ನಾನು ಅವರಲ್ಲಿ ಕ್ಷಮೆ ಕೇಳಿದೆ. "ಬಿಡಿ ಡಾಕ್ಟ್ರೇ, ನಿಮ್ಮ ಪುಸ್ತಕದಲ್ಲೇ ಹಾಗೆ ಇತ್ತಲ್ಲ" ಎಂದರು.

ಇದನ್ನು ಬರೆದು ಮುಗಿಸುವ ವೇಳೆಗೆ ಜೂನ್ ಬಂದಿತ್ತು. ಒಂದು ಬೆಳಿಗ್ಗೆ ತಮ್ಮ ತೋಟದಿಂದ ವಿಡಿಯೋ ಕರೆ ಮಾಡಿದ. ಈಗ ಮರ ಹತ್ತುವವರು ಸಿಗುವುದಿಲ್ಲ. ಕಾರ್ಬನ್ ಫೈಬರಿನ ಉದ್ದ ದೋಟಿಯಿಂದ ನೆಲದಲ್ಲಿ ನಿಂತೇ ಮದ್ದು ಬಿಡುತ್ತಾರೆ. ಹಿಂದೆ ಎರಡು ಪ್ಲಾಸ್ಟಿಕ್ ಡ್ರಮ್ಮು, ಅದೇ ನೀಲಿ. "ಚೂರಿ ಹಾಕಿ ನೋಡಿದ್ಯಾ?" ಎಂದು ಕೇಳಿದೆ. ಫೋನಿನ ಎದುರಿಗೆ ಹಿಡಿದು ತೋರಿಸಿದ. ಬೆಳ್ಳಗಿತ್ತು.